ಸಾಹಸ ಶಿಬಿರಗಳೂ ಪಾಲಕರ ಹೊಣೆಯೂ

ಶಾಲೆಯ ಮಕ್ಕಳನ್ನು ಬೆಟ್ಟ ಹತ್ತಿಸುವ, ಡೇರೆಯಲ್ಲಿ ತಂಗಿಸುವ, ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳಲು ಕಲಿಸುವ ಸಾಹಸ ಶಿಬಿರಗಳು ನಮ್ಮ ನಗರಗಳಲ್ಲಿ ಹೊಸತಲ್ಲ. ಆದರೂ ಅನುಮತಿ ಪತ್ರಕ್ಕೆ ಸಹಿ ಹಾಕುವಾಗ ಅನೇಕ ಪಾಲಕರ ಕೈ ಹಿಂಜರಿಯುತ್ತದೆ. ಖರ್ಚಿನ ಚಿಂತೆ ಒಂದು ಕಡೆ, ಅಪಾಯದ ಭೀತಿ ಇನ್ನೊಂದು ಕಡೆ. ಬಂಧುಬಳಗದ ಆಸರೆಯಿಲ್ಲದೆ ಪರಸ್ಥಳದಲ್ಲಿ ಸಂಸಾರ ಹೂಡಿದ ಹೊರನಾಡ ಕನ್ನಡಿಗರಲ್ಲಿ ಈ ಭೀತಿ ಇನ್ನಷ್ಟು ಹೆಚ್ಚಾಗಿರುವುದು ಸಹಜವೇ. ಆದರೆ ಭೀತಿಯೊಂದನ್ನೇ ಸಲಹೆಗಾರನನ್ನಾಗಿ ಇಟ್ಟುಕೊಳ್ಳುವುದು ಉಚಿತವೇ ಎಂಬುದನ್ನು ವಿಚಾರಿಸಬೇಕಾಗಿದೆ.

2014ರಲ್ಲಿ ಹದಿನೈದು ದಿನಗಳ ಅವಧಿಯಲ್ಲಿ ಸಂಭವಿಸಿದ ಎರಡು ಸಂಗತಿಗಳನ್ನು ಹೈದರಾಬಾದಿನ ವಾಚಕರು ಮರೆತಿರಲಾರರು. ಮೇ 25ರಂದು ಮಾಲಾವತ್ ಪೂರ್ಣಾ ಎಂಬ ಬಾಲಿಕೆ ಎವರೆಸ್ಟ್ ಶಿಖರವನ್ನು ಮುಟ್ಟಿದಳು. ಆಕೆಗೆ ಆಗಿನ್ನೂ 14 ವರ್ಷ ತುಂಬಿರಲಿಲ್ಲ. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಗ್ರಾಮದ ಕೃಷಿ ಕೂಲಿಕಾರರ ಮಗಳಾದ ಆಕೆ ಸರಕಾರದ ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿ. ಅಂಥದೇ ಶಾಲೆಯ ಆನಂದಕುಮಾರನೂ ಆಕೆಯೊಡನೆ ಶಿಖರವನ್ನೇರಿದನು. ಮುಂದೆ ಜೂನ್ 8ರಂದು, ಹೈದರಾಬಾದಿನ ಕಾಲೇಜೊಂದರಿಂದ ಪ್ರವಾಸ ಹೋಗಿದ್ದ 24 ವಿದ್ಯಾರ್ಥಿಗಳು ಹಿಮಾಚಲದ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಹರಿಯಬಿಟ್ಟ ನೀರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು.

ಲೋಕದ ಅತ್ಯುನ್ನತ ಶಿಖರದಿಂದ ಬಡವರ ಮಗಳು ಸುರಕ್ಷಿತಳಾಗಿ ಮರಳಿದಳು. ದಡದಲ್ಲಿ ಫೋಟೋ ತೆಗೆದುಕೊಳ್ಳಲು ನಿಂತವರು ಮರಳಲಿಲ್ಲ. ಇದನ್ನು ಕೇವಲ ವಿಧಿಯ ಲೀಲೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸಲ್ಲದು. ಪೂರ್ಣಾ ಮೊದಲು ಹತ್ತಿದ್ದು ಹೈದರಾಬಾದಿಗೆ ಸಮೀಪದ ಭುವನಗಿರಿಯ ಬಂಡೆಯನ್ನು. ಅನಂತರ ಡಾರ್ಜಿಲಿಂಗಿನಲ್ಲಿ, ತರುವಾಯ ಲಡಾಖದ ಚಳಿಯಲ್ಲಿ ತರಬೇತಿ ನಡೆಯಿತು. ಅನೇಕ ಮಕ್ಕಳಲ್ಲಿ ಅರ್ಹರನ್ನು ಹಂತಹಂತವಾಗಿ ಆರಿಸಲಾಯಿತು. ಬಲ್ಲವರು ಪ್ರತಿ ಹೆಜ್ಜೆಯಲ್ಲೂ ಜೊತೆಗಿದ್ದರು. ಬಿಯಾಸ್ ತೀರದಲ್ಲಿದ್ದ ತರುಣರಿಗಾದರೋ, ನೀರು ಯಾವಾಗ ಏರುವುದೆಂದು ತಿಳಿಸಿ ಕೈಹಿಡಿದು ಈಚೆಗೆಳೆಯುವವರಿರಲಿಲ್ಲ. ಮಕ್ಕಳನ್ನು ಬಲಿ ತೆಗೆದುಕೊಳ್ಳುವುದು ಸಾಹಸವಲ್ಲ, ಸಿದ್ಧತೆಯ ಅಭಾವ.

ಆದುದರಿಂದ ಮಗುವನ್ನು ಕಳುಹಿಸಬೇಕೇ ಬೇಡವೇ ಎಂಬುದಕ್ಕಿಂತ, ಯಾರೊಡನೆ ಮತ್ತು ಎಂಥ ಏರ್ಪಾಡಿನಲ್ಲಿ ಕಳುಹಿಸಬೇಕು ಎಂಬುದೇ ಮುಖ್ಯ ಪ್ರಶ್ನೆ. ಶಿಕ್ಷಕರು ಎಲ್ಲಿ ತರಬೇತಿ ಹೊಂದಿದವರು? ಒಬ್ಬೊಬ್ಬರ ವಶದಲ್ಲಿ ಎಷ್ಟು ಮಕ್ಕಳು? ಆಸ್ಪತ್ರೆ ಎಷ್ಟು ದೂರ? ಸ್ಥಳದ ಹವೆ, ನೀರುಗಳ ವರ್ತಮಾನವನ್ನು ಯಾರು ವಿಚಾರಿಸುವರು? ಹಿಂದಿರುಗಬೇಕೆಂದು ನಿರ್ಣಯಿಸುವ ಅಧಿಕಾರ ಯಾರದು? ಇವುಗಳಿಗೆ ಸ್ಪಷ್ಟ ಉತ್ತರ ಕೊಡಲಾರದ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಹಕ್ಕಿಲ್ಲ. ಸಮರ್ಪಕವಾದ ಉತ್ತರ ದೊರೆತ ಮೇಲೆ, ಅದರಲ್ಲೂ ಹೆಣ್ಣುಮಕ್ಕಳನ್ನು, ಮನೆಯಲ್ಲಿ ತಡೆದಿಡಲು ಪಾಲಕರಿಗೂ ಕಾರಣವಿರದು.

ಇನ್ನು ಖರ್ಚಿನ ಮಾತು. 1907ರಲ್ಲಿ ಬೇಡನ್ ಪೊವೆಲ್‌ರು ಬ್ರೌನ್‌ಸೀ ದ್ವೀಪದಲ್ಲಿ ಬಾಲಚಮೂ ಚಳುವಳಿಗೆ ನಾಂದಿಯಾದ ಶಿಬಿರವನ್ನು ನಡೆಸಿದಾಗ, ಶ್ರೀಮಂತರ ಶಾಲೆಯ ಹುಡುಗರನ್ನೂ ಕಾರ್ಮಿಕರ ಮಕ್ಕಳನ್ನೂ ಬೇಕೆಂದೇ ಒಟ್ಟುಗೂಡಿಸಿದ್ದರು. ಇಂದು ದುಬಾರಿ ಶುಲ್ಕದಿಂದಾಗಿ ಶಿಬಿರಗಳು ಉಳ್ಳವರ ವಿನೋದವಾಗುತ್ತಿರುವುದು ವಿಷಾದನೀಯ. ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿದವರ ಮನೆಯ ಮಕ್ಕಳಿಗೂ ನಕ್ಷತ್ರ ತುಂಬಿದ ಆಕಾಶವನ್ನು ನೋಡುವ, ಭಾರ ಹೊತ್ತು ನಡೆಯುವ, ದಣಿದ ಗೆಳೆಯನಿಗೆ ಹೆಗಲು ಕೊಡುವ ಅವಕಾಶ ದೊರೆಯಬೇಡವೇ? ವರ್ಷಂಪ್ರತಿ ಉತ್ಸವ, ಸನ್ಮಾನಗಳಿಗೆ ಧಾರಾಳವಾಗಿ ವೆಚ್ಚ ಮಾಡುವ ನಮ್ಮ ಕನ್ನಡ ಸಂಘಗಳು, ಅದರಲ್ಲಿ ಒಂದಂಶವನ್ನು ಹತ್ತು ಬಡ ಮಕ್ಕಳ ಶಿಬಿರ ಶುಲ್ಕಕ್ಕಾಗಿ ತೆಗೆದಿಡಲಿ ಎಂದು ನಾವು ಸೂಚಿಸಬಯಸುತ್ತೇವೆ. ಕೂಲಿಕಾರರ ಮಗಳು ಎಷ್ಟು ಎತ್ತರಕ್ಕೆ ಹೋಗಬಲ್ಲಳೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.