ಗೋಪುರದೊಳಗೆ ಏರುವ ಬೀದಿ

ಮುಗಿಲೆತ್ತರದ ಕಟ್ಟಡಗಳ ಪರಿಕಲ್ಪನಾ ವಿನ್ಯಾಸಗಳಲ್ಲಿ ಇಂದು ಸೌರಫಲಕ, ಗಾಳಿಯಂತ್ರ ಮತ್ತು ತೂಗುತೋಟಗಳ ಜೊತೆಗೆ ‘ಸಮುದಾಯ ಬದುಕು’ ಎಂಬ ಆಶಯವೂ ತಪ್ಪದೆ ಸೇರಿಕೊಳ್ಳುತ್ತದೆ. ಆದರೆ ಇಂಧನ ಮತ್ತು ಸಮುದಾಯ ಎಂಬ ಎರಡು ಗುರಿಗಳು ಒಂದೇ ನಕ್ಷೆಯಲ್ಲಿ ಅಕ್ಕಪಕ್ಕ ಇರುವುದಕ್ಕೂ, ಒಂದರಿಂದಲೇ ಇನ್ನೊಂದು ಸಾಧ್ಯವಾಗುವುದಕ್ಕೂ ಬಹಳ ಅಂತರವಿದೆ. ಮಲೇಷ್ಯಾದ ವಾಸ್ತುಶಿಲ್ಪಿ ಕೆನ್ ಯಾಂಗ್ 1990ರ ದಶಕದ ಕೊನೆಯಲ್ಲಿ ಸಿಂಗಪುರಕ್ಕಾಗಿ ರೂಪಿಸಿದ, ಕಾಗದದ ಮೇಲೆಯೇ ಉಳಿದ 26 ಅಂತಸ್ತಿನ ಎಡಿಟ್ ಟವರ್ ಈ ಅಂತರವನ್ನು ಅರಿಯಲು ಅತ್ಯಂತ ಯೋಗ್ಯವಾದ ಉದಾಹರಣೆ. ಉಷ್ಣವಲಯದಲ್ಲಿ ಪರಿಸರಾನುಗುಣ ವಿನ್ಯಾಸ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ.

ಯಾಂಗ್ ಇದಕ್ಕೂ ಮೊದಲು, 1992ರಲ್ಲಿ, ಕೌಲಾಲಂಪುರದ ಸಮೀಪದ ಸುಬಾಂಗ್ ಜಯದಲ್ಲಿ ಮೆನಾರಾ ಮೆಸಿನಿಯಾಗ ಎಂಬ ಕಚೇರಿ ಗೋಪುರವನ್ನು ಕಟ್ಟಿ, ಜೈವಿಕ-ಹವಾಮಾನ ವಾಸ್ತುಶಿಲ್ಪದ ಪ್ರಮುಖ ಪ್ರತಿಪಾದಕರೆಂದು ಹೆಸರಾಗಿದ್ದರು. ಸ್ಥಳದ ಬಿಸಿಲು, ಗಾಳಿ, ಮಳೆಗಳ ಸ್ವಭಾವವನ್ನೇ ಆಧಾರವಾಗಿಟ್ಟುಕೊಂಡು ಕಟ್ಟಡದ ಆಕಾರವನ್ನು ನಿರ್ಧರಿಸಿ, ಯಂತ್ರಗಳ ಅವಲಂಬನೆಯನ್ನು ತಗ್ಗಿಸುವ ಕ್ರಮಕ್ಕೆ ಈ ಹೆಸರಿದೆ. ಎಡಿಟ್ ಟವರ್‌ನಲ್ಲಿ ಈ ಕ್ರಮ ಇನ್ನೂ ಮುಂದಕ್ಕೆ ಹೋಗುತ್ತದೆ: ಸುತ್ತಲಿನ ಪ್ರದೇಶದ ಸಸ್ಯಜಾತಿಗಳನ್ನು ಸಮೀಕ್ಷೆ ಮಾಡಿ ಅವುಗಳೊಡನೆ ಹೊಂದುವ ಗಿಡಗಳನ್ನೇ ಆರಿಸಲಾಯಿತು, ಮಳೆನೀರು ಮತ್ತು ಬಳಸಿದ ನೀರಿನಿಂದ ಕಟ್ಟಡದ ಅಗತ್ಯದ ಅರ್ಧಕ್ಕಿಂತ ತುಸು ಹೆಚ್ಚನ್ನು ಪೂರೈಸುವ ಯೋಜನೆಯಿತ್ತು, ಮುಂದೆ ಕಚೇರಿಯಾಗಿಯೋ ವಸತಿಯಾಗಿಯೋ ಬದಲಿಸಲು ಅನುವಾಗುವಂತೆ ಕಳಚಬಲ್ಲ ಗೋಡೆ ಮತ್ತು ನೆಲಗಳನ್ನು ಸೂಚಿಸಲಾಗಿತ್ತು.

ಈ ವಿನ್ಯಾಸದ ಬಗ್ಗೆ ಹೆಚ್ಚು ಉಲ್ಲೇಖಗೊಂಡಿರುವುದು 855 ಚದರ ಮೀಟರ್ ಸೌರಫಲಕಗಳಿಂದ ಕಟ್ಟಡಕ್ಕೆ ಬೇಕಾದ ವಿದ್ಯುತ್ತಿನ ಸುಮಾರು ಶೇ 40ರಷ್ಟು ದೊರೆಯುತ್ತದೆ ಎಂಬ ಅಂದಾಜು. ಈ ಅಂಕಿಯನ್ನು ಬಿಡಿಸಿ ನೋಡಿದರೆ ವಿನ್ಯಾಸದ ನಿಜವಾದ ಸತ್ವ ಎಲ್ಲಿದೆ ಎಂಬುದು ತಿಳಿಯುತ್ತದೆ. ಸಿಂಗಪುರದಲ್ಲಿ ಒಂದು ಚದರ ಮೀಟರ್ ಸಮತಲದ ಮೇಲೆ ವರ್ಷಕ್ಕೆ ಬೀಳುವ ಸೌರಶಕ್ತಿ ಹೆಚ್ಚುಕಡಿಮೆ 1,600 ಯೂನಿಟ್. ಆ ಕಾಲದ ಫಲಕಗಳು ಅದರಲ್ಲಿ ಶೇ 11ರಷ್ಟನ್ನು ವಿದ್ಯುತ್ತಾಗಿಸುತ್ತಿದ್ದವು ಎಂದಿಟ್ಟುಕೊಂಡರೆ, ಲಂಬವಾಗಿ ನಿಲ್ಲಿಸಿದಾಗ ಆಗುವ ನಷ್ಟವನ್ನು ಲೆಕ್ಕಿಸದೆಯೂ, ಒಟ್ಟು ಉತ್ಪಾದನೆ ವರ್ಷಕ್ಕೆ ಒಂದೂವರೆ ಲಕ್ಷ ಯೂನಿಟ್ ದಾಟುವುದು ಕಷ್ಟ. ಇದು ಶೇ 40 ಆಗಬೇಕಾದರೆ, ಸುಮಾರು 6,000 ಚದರ ಮೀಟರ್ ವಿಸ್ತೀರ್ಣದ ಈ ಗೋಪುರ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 60ರಿಂದ 65 ಯೂನಿಟ್ ಮಾತ್ರ ಬಳಸಬೇಕು. ಪೂರ್ತಿ ಹವಾನಿಯಂತ್ರಣವಿರುವ ಕಚೇರಿ ಕಟ್ಟಡ ಅದೇ ಊರಿನಲ್ಲಿ 200 ಯೂನಿಟ್‌ಗಳ ಆಸುಪಾಸಿನಲ್ಲಿ ಬಳಸುತ್ತದೆ. ಅಂಥ ಕಟ್ಟಡಕ್ಕೆ ಇದೇ ಫಲಕಗಳನ್ನು ಹೊದಿಸಿದರೆ ಪಾಲು ಶೇ 12-13ಕ್ಕೆ ಇಳಿಯುತ್ತದೆ. ಅಂದರೆ ಶೇ 40 ಎಂಬ ಅಂಕಿಯನ್ನು ಫಲಕಗಳು ತಂದುಕೊಡುವುದಿಲ್ಲ, ತಂಪುಮಾಡುವ ಅಗತ್ಯವೇ ಇಲ್ಲದ ವಿಶಾಲ ಜಾಗಗಳು ತಂದುಕೊಡುತ್ತವೆ.

ಆ ಜಾಗಗಳೇ ಇಲ್ಲಿ ಸಮುದಾಯದ ಜಾಗಗಳೂ ಹೌದು, ಮತ್ತು ಈ ಒಂದು ಅಂಶವೇ ಎಡಿಟ್ ಟವರ್ ಅನ್ನು ಇತರ ಕಲ್ಪನೆಗಳಿಂದ ಬೇರ್ಪಡಿಸುತ್ತದೆ. ನೆಲಮಟ್ಟದ ಬೀದಿಯಿಂದ ಹೊರಟ ಅಗಲವಾದ ಇಳಿಜಾರು ಹಾದಿ ಕಟ್ಟಡವನ್ನು ಬಳಸಿಕೊಂಡು ಮೊದಲ ಆರು ಅಂತಸ್ತುಗಳವರೆಗೆ ಏರುತ್ತದೆ. ಅದರ ಅಂಚಿನಲ್ಲಿ ಗಿಡಗಳು, ಸಣ್ಣ ಅಂಗಡಿಗಳು, ಕಾಫಿ ಕುಡಿಯುವ ಕಟ್ಟೆಗಳು, ಪ್ರದರ್ಶನದ ಜಾಗಗಳು. ದಾರಿಹೋಕನೊಬ್ಬ ಬಾಗಿಲು ದಾಟದೆ, ಲಿಫ್ಟ್ ಹತ್ತದೆ, ಯಾರ ಅಪ್ಪಣೆಯನ್ನೂ ಕೇಳದೆ, ನೆರಳಿನಲ್ಲಿ ನಡೆಯುತ್ತಲೇ ಆರನೆಯ ಅಂತಸ್ತು ಮುಟ್ಟಬಹುದು. ಗಾಳಿಯನ್ನೂ ಈ ತೆರೆದ ಜಾಗಗಳನ್ನು ತಂಪಾಗಿಡಲು ದುಡಿಸಲಾಗಿದೆ. ಗಾಳಿಯಂತ್ರದ ಉತ್ಪಾದನೆ ಗಾಳಿಯ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ಅಂದರೆ ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಕುಸಿಯುವುದರಿಂದ, ಭೂಮಧ್ಯರೇಖೆಯ ಸಮೀಪದ ಮಂದಗಾಳಿಯಲ್ಲಿ ಅಂಥ ಯಂತ್ರಕ್ಕೆ ಅರ್ಥವಿಲ್ಲ. ಯಾಂಗ್ ಗಾಳಿಯನ್ನು ಒಳಗಿನ ಅಂಗಳಗಳತ್ತ ತಿರುಗಿಸುವ ಗೋಡೆಗಳನ್ನಷ್ಟೇ ನಿಲ್ಲಿಸಿದರು. 2010ರಲ್ಲಿ ಮುಗಿದ ಲಂಡನ್ನಿನ ಸ್ಟ್ರಾಟಾ ಗೋಪುರದ ತುದಿಯಲ್ಲಿ ಕೂರಿಸಿದ ಮೂರು ಗಾಳಿಯಂತ್ರಗಳು ಬಹುಕಾಲ ನಿಂತೇ ಇದ್ದುದನ್ನು ನೆನೆದರೆ ಈ ಸಂಯಮದ ಬೆಲೆ ಅರಿವಾಗುತ್ತದೆ.

ಬೀದಿಯನ್ನು ಮೇಲೆತ್ತುವ ಯತ್ನ ಹೊಸದಲ್ಲ. ಲ ಕಾರ್ಬೂಸಿಯೇ 1952ರಲ್ಲಿ ಮಾರ್ಸೇಯಲ್ಲಿ ಮುಗಿಸಿದ, 337 ಮನೆಗಳ ಯುನಿಟೆ ದಾಬಿತಾಸಿಯೋಂ ಎಂಬ ಕಟ್ಟಡದ ನಡುಮಟ್ಟದಲ್ಲಿ ಅಂಗಡಿಬೀದಿಯೊಂದಿದೆ. ಆದರೆ ಅದು ನೆಲದ ಬೀದಿಯಿಂದ ಕಡಿದುಹೋದುದರಿಂದ ನಿವಾಸಿಗಳ ಕೊಳ್ಳುವಿಕೆಯೊಂದರಿಂದಲೇ ಅಂಗಡಿಗಳು ನಿರೀಕ್ಷಿಸಿದಂತೆ ತುಂಬಿಕೊಳ್ಳಲಿಲ್ಲ. ಮುಂಬೈಯಲ್ಲಿ 1983ರಲ್ಲಿ ಪೂರ್ಣಗೊಂಡ ಚಾರ್ಲ್ಸ್ ಕೊರಿಯಾ ಅವರ ಕಾಂಚನಜುಂಗಾ ಆಳವಾದ ಜಗುಲಿಗಳಿಂದ ಬಿಸಿಲು-ಮಳೆಯನ್ನು ತಡೆದು ಸಮುದ್ರದ ಗಾಳಿಯನ್ನು ಒಳತರುವಲ್ಲಿ ಗೆದ್ದರೂ, ಆ ಜಗುಲಿಗಳು ಒಂದೊಂದು ಮನೆಯ ಖಾಸಗಿ ಸೊತ್ತು. ಯಾಂಗ್ ಅವರ ಹಾದಿ ಈ ಎರಡೂ ಕೊರತೆಗಳಿಗೆ ಉತ್ತರ ಹುಡುಕುತ್ತದೆ, ಆದರೆ ಪೂರ್ತಿ ಉತ್ತರವನ್ನು ಕೊಡುವುದಿಲ್ಲ. ಆರನೆಯ ಅಂತಸ್ತಿನ ಮೇಲಿನ ಇಪ್ಪತ್ತು ಅಂತಸ್ತುಗಳಿಗೆ ಜನರನ್ನು ಲಿಫ್ಟೇ ಒಯ್ಯಬೇಕು. ಅಷ್ಟು ಗಿಡಗಳಿಗೆ ನೀರುಣಿಸಿ ಕತ್ತರಿಸುವ ಖರ್ಚನ್ನು ಬಾಡಿಗೆದಾರರು ಹೊರಬೇಕೋ ನಗರಾಡಳಿತ ಹೊರಬೇಕೋ ಎಂಬುದನ್ನು ನಕ್ಷೆ ನಿರ್ಧರಿಸಲಾರದು.

ಕಟ್ಟಡದ ಮಾಲೀಕನ ದೃಷ್ಟಿಯಲ್ಲಿ ಇಂಥ ತೆರೆದ ಹಾದಿ ಬಾಡಿಗೆ ತಾರದ ಜಾಗ. ಈ ಅಡ್ಡಿಯನ್ನು ಸಿಂಗಪುರ ನಿಯಮದ ಮೂಲಕ ಸಡಿಲಿಸಿದೆ: ಹಸಿರು ಬೆಳೆಸಿದ ಸಾಮುದಾಯಿಕ ಮೇಲಂಗಳಗಳನ್ನು, ಕೆಲವು ಷರತ್ತುಗಳಿಗೆ ಒಳಪಟ್ಟು, ಅನುಮತಿಸಿದ ಒಟ್ಟು ನೆಲವಿಸ್ತೀರ್ಣದ ಲೆಕ್ಕದಿಂದ ಹೊರಗಿಡಲಾಗುತ್ತದೆ. ನಿವೇಶನದಲ್ಲಿ ಕಳೆದುಹೋದ ಹಸಿರನ್ನು ಮೇಲಂತಸ್ತುಗಳಲ್ಲಿ ಮರಳಿಸುವ ಇಂಥ ಉತ್ತೇಜನಗಳನ್ನು 2009ರಲ್ಲಿ ‘ಲಶ್’ ಎಂಬ ಯೋಜನೆಯಡಿ ಒಟ್ಟುಗೂಡಿಸಲಾಯಿತು. ಅದೇ ವರ್ಷ ಪೂರ್ಣಗೊಂಡ, 50 ಅಂತಸ್ತಿನ ಏಳು ಗೋಪುರಗಳಲ್ಲಿ 1,848 ಮನೆಗಳಿರುವ ಪಿನಾಕಲ್ ಎಂಬ ಸಾರ್ವಜನಿಕ ವಸತಿ ಸಮುಚ್ಚಯದಲ್ಲಿ 26ನೆಯ ಮತ್ತು 50ನೆಯ ಅಂತಸ್ತುಗಳನ್ನು ತೂಗುದಾರಿಗಳು ಬೆಸೆಯುತ್ತವೆ. ಆದರೆ ನಿಯಮ ಕೇಳುವುದು ಕಟ್ಟಡದವರಿಗೆ ಪ್ರವೇಶವಿರಬೇಕೆಂದು ಮಾತ್ರ. ಪಿನಾಕಲ್‌ನ 26ನೆಯ ಅಂತಸ್ತಿನ ದಾರಿ ನಿವಾಸಿಗಳಿಗೆ ಮೀಸಲು, 50ನೆಯದಕ್ಕೆ ಹೊರಗಿನವರು ದುಡ್ಡು ಕೊಟ್ಟು ದಿನಕ್ಕಿಷ್ಟೇ ಮಂದಿ ಎಂಬ ಮಿತಿಯಲ್ಲಿ ಹೋಗಬೇಕು. ದಾರಿಹೋಕನಿಗೆ ತೆರೆದಿರುವ ಹಾದಿಯ ವಿಸ್ತೀರ್ಣಕ್ಕೆ ಇನ್ನೂ ಹೆಚ್ಚಿನ ರಿಯಾಯಿತಿ ಕೊಟ್ಟರೆ, ಎಡಿಟ್ ಟವರ್‌ನ ಆ ಹಾದಿಯನ್ನು ಕಟ್ಟಲು ಮುಂದೆ ಬರುವ ಮಾಲೀಕ ಸಿಗಬಲ್ಲ.