ಪುಸ್ತಕ ಹಳೆಯದೋ, ಹೊಸದೋ?

ಕಾಲೇಜು ಆರಂಭವಾಯಿತೆಂದರೆ ಮನೆಮನೆಗಳಲ್ಲಿ ಶುಲ್ಕದ ಚಿಂತೆಯ ಬೆನ್ನಿಗೇ ಪುಸ್ತಕದ ಚಿಂತೆಯೂ ಮೊದಲಾಗುತ್ತದೆ. ಬೆಂಗಳೂರಿನ ವಿದ್ಯಾರ್ಥಿಗಳಿಗೆ ಇದಕ್ಕೆ ಬಹುಕಾಲದಿಂದ ಒದಗಿರುವ ಪರಿಹಾರವೆಂದರೆ ಅವೆನ್ಯೂ ರಸ್ತೆ. ಹಿರಿಯರ ಬಾಯಲ್ಲಿ ದೊಡ್ಡಪೇಟೆ. ಎಂಜಿನಿಯರಿಂಗ್, ವಾಣಿಜ್ಯ, ವಿಜ್ಞಾನ ಮೊದಲಾದ ವಿಷಯಗಳ ಪಠ್ಯಪುಸ್ತಕಗಳು ಅಲ್ಲಿ ಒಬ್ಬ ವಿದ್ಯಾರ್ಥಿಯ ಕೈಯಿಂದ ಇನ್ನೊಬ್ಬನ ಕೈ ಸೇರುತ್ತವೆ. ಬೆಲೆಯಲ್ಲಿ ಚೌಕಾಶಿಗೂ ಅವಕಾಶವುಂಟು.

ಆದರೆ ಅಗ್ಗವಾದುದೆಲ್ಲ ಲಾಭವಲ್ಲ. 2024ರ ಜುಲೈ 1ರಂದು 1860ರ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತು. ಕೊಲೆಗೆ ಶಿಕ್ಷೆ ವಿಧಿಸುವ 302ನೆಯ ಕಲಮು 103 ಆಯಿತು. ಹಳೆಯ ಗ್ರಂಥವನ್ನೇ ನೆಚ್ಚಿದ ಕಾನೂನು ವಿದ್ಯಾರ್ಥಿಗೆ ಉಳಿತಾಯವಾದ ಹಣಕ್ಕಿಂತ ಕಳೆದುಕೊಳ್ಳುವ ಅಂಕಗಳೇ ಹೆಚ್ಚಾದಾವು. 2017ರಲ್ಲಿ ಜಿ.ಎಸ್.ಟಿ. ಬಂದಾಗ ತೆರಿಗೆಯ ಪುಸ್ತಕಗಳಿಗೂ ಇದೇ ಗತಿಯಾಯಿತು. ಇಂಥ ವಿಷಯಗಳಿಗೆ ಹೊಸ ಆವೃತ್ತಿಯೇ ಬೇಕು. ಗಣಿತಕ್ಕೆ, ವ್ಯಾಕರಣಕ್ಕೆ, ನಿಘಂಟಿಗೆ ಅಷ್ಟು ಬೇಗ ಮುಪ್ಪು ಬರುವುದಿಲ್ಲ. ಅವುಗಳನ್ನು ಹಳೆಯದಾಗಿಯೇ ಕೊಳ್ಳಬಹುದು.

ಹೊಸ ಪುಸ್ತಕಗಳಿಗೆ ಗಾಂಧಿನಗರದ ಸಪ್ನ ಬುಕ್ ಹೌಸ್, ಕನ್ನಡ ಸಾಹಿತ್ಯಕ್ಕೆ ಗಾಂಧಿಬಜಾರಿನ ಅಂಕಿತ ಪುಸ್ತಕ ಇವೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ಹೊಸವೂ ಹಳೆಯವೂ ಒಂದೇ ಸೂರಿನಡಿ ದೊರೆಯುತ್ತವೆ.

ಹೊರಡುವ ಮುನ್ನ ಈ ವರ್ಷದ ಪಠ್ಯಪಟ್ಟಿ ಜೇಬಿನಲ್ಲಿರಲಿ. ಹಣ ಕೊಡುವ ಮುನ್ನ ಆವೃತ್ತಿಯ ವರ್ಷವನ್ನು ನೋಡಿ, ಹಾಳೆಗಳು ಪೂರ್ಣವಾಗಿವೆಯೇ ಎಂದು ತಿರುವಿಹಾಕುವುದು ಒಳಿತು. ಪರೀಕ್ಷೆ ಮುಗಿದ ಮೇಲೆ ಪುಸ್ತಕವನ್ನು ಅಟ್ಟಕ್ಕೆ ಏರಿಸದೆ ಅದೇ ಪೇಟೆಗೆ ಮರಳಿಸಿದರೆ, ಮುಂದಿನ ವರ್ಷ ಅದನ್ನು ಅರಸಿ ಬರುವ ಇನ್ನೊಬ್ಬ ಬಡ ವಿದ್ಯಾರ್ಥಿಗೆ ಅದು ಸಿಕ್ಕೀತು.