ಜೂಜಿನ ಸಾಲವನ್ನು ಮನೆಯವರು ತೀರಿಸಬೇಕೆ?

ಮಗನೋ ಗಂಡನೋ ‘ಇನ್ನು ಜೂಜಾಡುವುದಿಲ್ಲ’ ಎಂದು ಮನೆಯಲ್ಲಿ ಬಾಯಿಬಿಡುವ ಹೊತ್ತಿಗೆ ಸಾಲ ಸಾಮಾನ್ಯವಾಗಿ ಕೈಮೀರಿರುತ್ತದೆ. ಸ್ನೇಹಿತರ ಕೈಸಾಲ, ಚೀಟಿ ಎತ್ತಿದ ದುಡ್ಡು, ಗಿರವಿ ಇಟ್ಟ ಬಳೆ, ಮೊಬೈಲ್ ಆ್ಯಪ್‌ನಲ್ಲಿ ತೆಗೆದ ಸಾಲ, ಎಲ್ಲಕ್ಕಿಂತ ಮೇಲೆ ಮೀಟರ್ ಬಡ್ಡಿ. ಕುಡಿತವಾದರೆ ವಾಸನೆಯಿಂದಲೇ ಗೊತ್ತಾಗುತ್ತದೆ. ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಎಲ್ಲ ಫೋನಿನೊಳಗೇ ನಡೆದು ಮುಗಿಯುವುದರಿಂದ ಎಷ್ಟೋ ಮನೆಗಳಿಗೆ ಸುದ್ದಿ ತಲುಪುವುದು ವಸೂಲಿಗೆ ಬಂದವರ ಬಾಯಿಂದ. ಹಾಗಾಗಿ ಅವನಿಗೆ ಆಸರೆಯಾಗುವುದು ಹೇಗೆ ಎಂಬ ಮಾತು ಎದ್ದಾಗಲೆಲ್ಲ, ಈ ಸಾಲ ತೀರಿಸೋಣವೇ ಬೇಡವೇ ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ಬೇಡ ಎನ್ನುವವರ ವಾದವನ್ನು ಕಲ್ಲುಹೃದಯದ ಮಾತೆಂದು ತಳ್ಳಿಹಾಕುವಂತಿಲ್ಲ. ಅದನ್ನು ಹೇಳುವವರಲ್ಲಿ ಜೂಜಿನಿಂದ ಹೊರಬಂದವರೇ ಇದ್ದಾರೆ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇಬ್ಬರು ಜೂಜುಗಾರರು ತಮ್ಮ ಕಷ್ಟವನ್ನು ಪರಸ್ಪರ ಹೇಳಿಕೊಳ್ಳುತ್ತ ಹುಟ್ಟುಹಾಕಿದ ಗ್ಯಾಂಬ್ಲರ್ಸ್ ಅನಾನಿಮಸ್ ಕೂಟ, ಒಬ್ಬನ ಸಾಲವನ್ನು ಇನ್ನೊಬ್ಬರು ಒಮ್ಮೆಗೇ ತೀರಿಸಿಬಿಡುವುದನ್ನು ಮೊದಲಿನಿಂದಲೂ ಒಪ್ಪುವುದಿಲ್ಲ. ಜೂಜುಗಾರನಿಗೆ ಹಣವೇ ರೋಗ, ಹಣವೇ ಮದ್ದು. ಕಳೆದದ್ದನ್ನು ಆಡಿಯೇ ಹಿಂದಕ್ಕೆ ತರುತ್ತೇನೆ ಎಂಬ ಹಟ ಅವನನ್ನು ಮತ್ತೆ ಮತ್ತೆ ಎಳೆಯುತ್ತದೆ. ‘ಇದೊಂದು ಸಲ ತೀರಿಸಿಬಿಡಿ ಅಪ್ಪಾ, ಇನ್ನು ಮುಟ್ಟಲ್ಲ’ ಎನ್ನುವಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ, ಮನಸಾರೆ ಹೇಳುತ್ತಿರುತ್ತಾನೆ. ಆದರೆ ಸಾಲ ತೀರಿದ ದಿನವೇ ಅವನಿಗೆ ಸಾಲ ಕೊಡುವವರು ಮತ್ತೆ ಹುಟ್ಟಿಕೊಳ್ಳುತ್ತಾರೆ. ಅಮೆರಿಕದ ಮನೋವೈದ್ಯರು 2013ರಲ್ಲಿ ಜೂಜಿನ ಕಾಯಿಲೆಯನ್ನು ಮದ್ಯ, ಮಾದಕ ವ್ಯಸನಗಳ ಸಾಲಿಗೇ ಸೇರಿಸಿದರು. ಅವರ ಕೈಪಿಡಿ ಪಟ್ಟಿಮಾಡುವ ಒಂಬತ್ತು ಲಕ್ಷಣಗಳಲ್ಲಿ, ಜೂಜು ತಂದ ಹಣದ ಸಂಕಟದಿಂದ ಪಾರಾಗಲು ಬೇರೆಯವರ ದುಡ್ಡಿಗೆ ಕೈಚಾಚುವುದೂ ಒಂದು.

ನಮ್ಮ ಕಡೆ ಈ ವಾದಕ್ಕೆ ಕೈಪಿಡಿಯೇನೂ ಬೇಕಿಲ್ಲ. ಸಭಾಪರ್ವದಲ್ಲಿ ಧರ್ಮರಾಯ ಪಗಡೆಯಲ್ಲಿ ಸೋತದ್ದೆಲ್ಲ ದ್ರೌಪದಿಗೆ ಧೃತರಾಷ್ಟ್ರ ವರವಿತ್ತ ಬೆನ್ನಿಗೇ ವಾಪಸು ಬಂತು, ರಾಜ್ಯವೂ ಸೇರಿ. ದಾರಿಯಲ್ಲೇ ಮತ್ತೆ ಕರೆ ಬಂತು, ಹಿಂತಿರುಗಿ ಕೂತ, ಮತ್ತೆ ಸೋತ. ಸಾಲ ತೀರಿಸಬಾರದು ಎನ್ನುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಅದೇ ಕಥೆಯನ್ನು ಇನ್ನೊಂದು ಕಡೆಯಿಂದ ಓದಿ: ಆಕೆ ಆ ವರ ಕೇಳದೆ ಸುಮ್ಮನಿದ್ದಿದ್ದರೆ? ಗಂಡಂದಿರು ಹಸ್ತಿನಾವತಿಯಲ್ಲಿ ದಾಸರಾಗಿಯೇ ಉಳಿಯುತ್ತಿದ್ದರು. ಎರಡನೆಯ ಆಟ ನಡೆಯಿತೆಂಬ ಕಾರಣಕ್ಕೆ ಮೊದಲನೆಯದರಿಂದ ಬಿಡಿಸಿದ್ದೇ ತಪ್ಪಾಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ತೀರಿಸಲೇಬೇಕು ಎನ್ನುವವರ ಮೊದಲ ಮಾತು ಜೀವದ್ದು. ಜೂಜಿನ ಚಟಕ್ಕೆ ಸಿಕ್ಕವರಲ್ಲಿ ಆತ್ಮಹತ್ಯೆಯ ಯೋಚನೆ ಉಳಿದವರಿಗಿಂತ ಬಹಳ ಹೆಚ್ಚು ಎಂಬುದನ್ನು ದೇಶ ದೇಶಗಳ ಅಧ್ಯಯನಗಳು ತೋರಿಸಿವೆ, ಅದರ ಹಿಂದೆ ಸಾಲವೂ ಅವಮಾನವೂ ಜೊತೆಯಾಗಿರುತ್ತವೆ. ಸಾಲದ ಆ್ಯಪ್‌ನವರು ಫೋನಿನಲ್ಲಿರುವ ನೆಂಟರಿಷ್ಟರ ನಂಬರಿಗೆಲ್ಲ ಕರೆ ಮಾಡಿ ಮಾನ ಹರಾಜು ಹಾಕುತ್ತಿರುವಾಗ ‘ನೀನೇ ಮಾಡಿದ್ದು, ನೀನೇ ಅನುಭವಿಸು’ ಎಂಬುದು ಚಿಕಿತ್ಸೆಯ ಮಾತಾಗಿ ಅವನಿಗೆ ಕೇಳಿಸುವುದಿಲ್ಲ, ಮನೆಯವರು ಕೈಬಿಟ್ಟರು ಎಂದೇ ಕೇಳಿಸುತ್ತದೆ. ಎರಡನೆಯದು, ಅಮೆರಿಕದ ಬುದ್ಧಿವಾದ ಅಲ್ಲಿನ ಬದುಕಿಗೆ ಹುಟ್ಟಿದ್ದು. ಇಲ್ಲಿ ಮಗನ ಸಾಲ ಮಗನದಷ್ಟೇ ಆಗಿ ಉಳಿಯುವುದಿಲ್ಲ. ಬಡ್ಡಿಯವನು ಬಂದು ನಿಲ್ಲುವುದು ಅಪ್ಪನ ಅಂಗಳದಲ್ಲಿ, ಮಾತು ಕೇಳಬೇಕಾದವಳು ಅವನ ತಂಗಿಗೆ ಗಂಡು ನೋಡುತ್ತಿರುವ ತಾಯಿ. ದಿನ ದೂಡಿದಷ್ಟೂ ಬಡ್ಡಿ ಅಸಲನ್ನು ಮೀರುತ್ತದೆ. ಅವನಿಗೆ ಪಾಠವಾಗಲಿ ಎಂದು ಕಾದರೆ ಆ ಪಾಠದ ಶುಲ್ಕ ಕಟ್ಟುವವರು ಆಡದೇ ಇದ್ದವರು.

ಕಾನೂನು ಈ ತಕ್ಕಡಿಯಲ್ಲಿ ಸ್ವಲ್ಪ ತೂಕ ಹಾಕುತ್ತದೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ಕಾಯ್ದೆಯ ಶಿಕ್ಷೆ ಆಟ ನಡೆಸುವವರಿಗೆ, ಪ್ರಚಾರ ಮಾಡುವವರಿಗೆ, ಆಡಿದವನಿಗಲ್ಲ. ಪೊಲೀಸರ ಹೆದರಿಕೆಯಿಂದ ಬಾಯಿ ಮುಚ್ಚಿ ಕೂತ ಆನ್‌ಲೈನ್ ಆಟಗಾರನಿಗೆ ಇದು ತಿಳಿದಿರಬೇಕು. ಆಗಿಹೋದ ಸಾಲವನ್ನು ಮಾತ್ರ ಅದು ಅಳಿಸುವುದಿಲ್ಲ. ಅದೇ ವರ್ಷದ ಆರಂಭದಲ್ಲಿ ಕರ್ನಾಟಕ ಸರ್ಕಾರ ಕಿರುಸಾಲಗಳ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು; ಮನೆ ಬಾಗಿಲಲ್ಲಿ ಗಲಾಟೆ ಮಾಡುವವರ ಮೇಲೆ ದೂರು ಕೊಡಲು ಈಗ ಆಧಾರವಿದೆ. ಇನ್ನು ಬುಕ್ಕಿಗೆ ಸೋತ ಬಾಜಿಯ ದುಡ್ಡು: 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದ ಊರ್ಜಿತವಲ್ಲ, ಅದಕ್ಕಾಗಿ ದಾವೆ ಹೂಡಿ ವಸೂಲು ಮಾಡಲಾಗದು. ಬುಕ್ಕಿಗಳು ಕೋರ್ಟಿಗೆ ಹೋಗುವವರಲ್ಲ, ನಿಜ. ಆದರೂ ‘ಕೊಡದಿದ್ದರೆ ಜೈಲಿಗೆ ಹಾಕಿಸುತ್ತೇವೆ’ ಎಂಬ ಬೆದರಿಕೆಗೆ ಹೊಲ ಮಾರುವ ಮೊದಲು ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು.

ನನ್ನ ಮಟ್ಟಿಗೆ ಹೇಳುವುದಾದರೆ, ಸಾಲವನ್ನೆಲ್ಲ ಒಂದೇ ಗಂಟು ಮಾಡಿ ನೋಡುವುದರಿಂದಲೇ ಎರಡೂ ಕಡೆಯವರು ಇಷ್ಟು ಬಿಗಿಯಾಗಿ ನಿಲ್ಲುತ್ತಾರೆ. ಗ್ಯಾಂಬ್ಲರ್ಸ್ ಅನಾನಿಮಸ್‌ನಲ್ಲಿ ಹೊಸಬನೂ ಅವನ ಹೆಂಡತಿಯೂ ಹಳೆಯ ಸದಸ್ಯರೊಂದಿಗೆ ಕೂತು ಎಲ್ಲ ಸಾಲದ ಪಟ್ಟಿ ಮಾಡುತ್ತಾರೆ, ಮನೆಖರ್ಚು ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಯಾರಿಗೆ ಎಷ್ಟು ಎಂದು ಗೊತ್ತುಮಾಡುತ್ತಾರೆ. ನಮ್ಮ ಮನೆಗಳಿಗೆ ತೆಗೆದುಕೊಳ್ಳಬೇಕಾದ್ದು ಇದು. ಮುಚ್ಚಿಟ್ಟ ಸಾಲ ಒಂದೂ ಇಲ್ಲವೆಂದು ಖಾತ್ರಿಯಾಗುವ ತನಕ ಯಾರಿಗೂ ಕೊಡುವುದು ಬೇಡ. ಜೀವಕ್ಕೆ, ಮನೆಗೆ ಅಪಾಯ ತರುವ ಮೀಟರ್ ಬಡ್ಡಿಯಂಥದನ್ನು ಮನೆಯವರು ತೀರಿಸಲಿ, ಸಾಲ ಕೊಟ್ಟವನ ಕೈಗೇ ಕೊಟ್ಟು ಪತ್ರ ವಾಪಸು ತರಲಿ. ಬ್ಯಾಂಕಿನ ಕಂತು, ಗೆಳೆಯರ ಕೈಸಾಲ ಅವನ ದುಡಿಮೆಯಿಂದಲೇ ಹೋಗಲಿ, ವರ್ಷಗಟ್ಟಲೆ ಹಿಡಿದರೂ.

ಇದರ ಬೆನ್ನಿಗೇ ಬರುವುದು ಸಂಬಳ ಯಾರ ಕೈಯಲ್ಲಿರಬೇಕು ಎಂಬ ಜಗಳ. ಎಟಿಎಂ ಕಾರ್ಡು, ಯುಪಿಐ ಎಲ್ಲ ಕೊಟ್ಟುಬಿಡು ಎಂದರೆ ನಲವತ್ತು ದಾಟಿದ ಗಂಡಸು ಚಹಾಕ್ಕೂ ಹೆಂಡತಿಯ ಮುಂದೆ ಕೈಯೊಡ್ಡಬೇಕಾಗುತ್ತದೆ, ಆ ಕುಗ್ಗುವಿಕೆಯೇ ಅವನನ್ನು ಮತ್ತೆ ಆಟಕ್ಕೆ ನೂಕಬಹುದು. ಕೊಡದಿದ್ದರೆ ಐದು ನಿಮಿಷದ ಆಸೆ ತಿಂಗಳ ಸಂಬಳವನ್ನು ನುಂಗುತ್ತದೆ. ಮೊದಲ ಕೆಲವು ತಿಂಗಳು ಕೊಡುವುದೇ ಸರಿ ಎನಿಸುತ್ತದೆ, ಮುಗಿಯುವ ದಿನ ಮೊದಲೇ ನಿಶ್ಚಯವಾಗಿರಬೇಕಷ್ಟೆ. ಆಸೆ ಕೆರಳಿದ ಗಳಿಗೆಯಲ್ಲಿ ಅವನು ಮಾತಾಡಬೇಕಾದ್ದು ಲೆಕ್ಕ ಕೇಳುವ ಹೆಂಡತಿಯೊಂದಿಗಂತೂ ಅಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ, ಮೊಬೈಲ್ ಮತ್ತು ಆನ್‌ಲೈನ್ ಆಟಗಳ ಗೀಳಿಗೆಂದೇ 2014ರಲ್ಲಿ ತೆರೆದ ಶಟ್ ಕ್ಲಿನಿಕ್ ಇದೆ.

ಇಷ್ಟೆಲ್ಲ ಚರ್ಚೆಯಲ್ಲಿ ಹೆಚ್ಚಾಗಿ ಯಾರೂ ಕೇಳದೇ ಬಿಡುವುದು ತೀರಿಸುವ ದುಡ್ಡು ಯಾರದು ಎಂದು. ಮೊದಲು ಕಳಚುವುದು ಸೊಸೆಯ ಕೊರಳಿನ ಚಿನ್ನ. ಸ್ತ್ರೀಧನ ಪೂರ್ತಿ ಆಕೆಯದು, ಗಂಡನಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ಅರಣ್ಯಪರ್ವದ ದಮಯಂತಿ, ನಳ ಇನ್ನೂ ಆಡುತ್ತಿರುವಾಗಲೇ ಮಕ್ಕಳಿಬ್ಬರನ್ನೂ ಸಾರಥಿಯೊಂದಿಗೆ ತವರಿಗೆ ಕಳುಹಿಸಿದಳು. ತಾನು ಗಂಡನ ಜೊತೆಗೇ ಉಳಿದಳು. ಇಂದಿನ ಹೆಣ್ಣುಮಗಳೂ ಬಳೆ ಕೊಡುವುದಿಲ್ಲ ಎನ್ನಬಹುದು, ಮಗುವಿನ ಶಾಲೆಯ ಫೀಸನ್ನು ತನ್ನ ಹೆಸರಿನ ಖಾತೆಯಲ್ಲಿ ಇಡಬಹುದು, ಹಾಗಿದ್ದೂ ವಾರ ವಾರ ಅವನ ಜೊತೆ ಆಸ್ಪತ್ರೆಗೆ ಬರಬಹುದು. ಬರಲಾರೆ ಎನ್ನುವ ಹಕ್ಕೂ ಆಕೆಗಿದೆ. ಹಿರಿಯರು ಸಾಲದ ಪಟ್ಟಿ ಹಿಡಿದು ಕೂತಾಗ ಆಕೆಯನ್ನೂ ಕರೆದು ಕೂರಿಸಿಕೊಂಡು, ಅವನಿಗಿಂತ ಮೊದಲು ಆಕೆಯನ್ನು ಮಾತಾಡಲು ಬಿಡಬೇಕು.